ಚರ್ಚಿನಲ್ಲಿ ಸಮಾಧಾನ ಕೊಡುವುದು ಹೇಗೆ? ಆ ಅರ್ಧ ನಿಮಿಷಕ್ಕೊಂದು ಕೈಪಿಡಿ

ಪೂಜೆ ನಡೆಯುತ್ತಾ ಇರುತ್ತದೆ, ಎಲ್ಲರೂ ಪೀಠದ ಕಡೆ ಮುಖ ಮಾಡಿ ನಿಂತಿರುತ್ತಾರೆ, ಅಷ್ಟರಲ್ಲಿ ಫಾದರ್ ಒಂದು ಮಾತು ಹೇಳುತ್ತಾರೆ, ಇಡೀ ಚರ್ಚು ಪಕ್ಕದವರಿಗೆ ಸಮಾಧಾನ, ಅಂದರೆ ಕ್ರಿಸ್ತನ ಶಾಂತಿ, ಕೋರಲು ತಿರುಗುತ್ತದೆ. ಹೊಸಬರಿಗೆ ಗಾಬರಿ ಆಗುವುದು ಇಲ್ಲೇ. ಕೈ ಕೊಡಬೇಕಾ, ಕೈ ಮುಗಿಯಬೇಕಾ? ಏನಾದರೂ ಹೇಳಬೇಕಾ? ಮುಂದಿನ ಬೆಂಚಿನವರು ತಿರುಗಿ ನಿಂತು ಕಾಯುತ್ತಿದ್ದಾರೆ, ಹಿಂದಿನಿಂದ ಯಾರೋ ಭುಜ ತಟ್ಟುತ್ತಿದ್ದಾರೆ, ನೀವು ಇನ್ನೂ ಕೈಯಲ್ಲಿರುವ ಪ್ರಾರ್ಥನೆ ಪುಸ್ತಕವನ್ನು ಎಲ್ಲಿ ಇಡುವುದು ಅಂತ ನೋಡುತ್ತಿದ್ದೀರಿ.

ಇದು ಮೊದಲ ಸಲ ಚರ್ಚಿಗೆ ಹೋಗುವವರಿಗೆ. ಗೆಳೆಯರ ಮದುವೆಗೆ ಹೋದ ಬೇರೆ ಧರ್ಮದವರಿಗೆ. ಊರಲ್ಲಿ ಒಂದು ಸಭೆಗೆ ಹೋಗುತ್ತಿದ್ದು ಈಗ ಬೆಂಗಳೂರಿಗೆ ಬಂದು ಮನೆ ಹತ್ತಿರ ಇದೆ ಅಂತ ಇನ್ನೊಂದು ಪಂಥದ ಚರ್ಚಿಗೆ ಹೋಗುತ್ತಿರುವವರಿಗೆ. ಮತ್ತೆ, ನಿಜ ಹೇಳಬೇಕೆಂದರೆ, ಹುಟ್ಟಿದಾಗಿನಿಂದ ಪೂಜೆಗೆ ಹೋಗುತ್ತಿದ್ದರೂ ಆ ಹೊತ್ತಿನಲ್ಲಿ ಪಕ್ಕದವರ ಮುಖವನ್ನೂ ನೋಡದೆ ಗಾಳಿಗೆ ಕೈ ಮುಗಿದು ಮುಗಿಸುವವರಿಗೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಇದು ಕುಶಲ ವಿಚಾರಿಸುವ ಹೊತ್ತಲ್ಲ. "ಹಾಯ್, ಯಾವಾಗ ಬಂದ್ರಿ ಊರಿಂದ" ಅನ್ನುವುದಕ್ಕೆ ಪೂಜೆ ಮುಗಿದ ಮೇಲೆ ಅಂಗಳ ಇದೆ. ಇಲ್ಲಿ ನೀವು ಕೊಡುತ್ತಿರುವುದು ನಿಮ್ಮದಲ್ಲ, ಕ್ರಿಸ್ತನದು. ಪೀಠದಿಂದ ಹೊರಟದ್ದು ನಿಮ್ಮ ಹತ್ತಿರ ಬಂತು, ನೀವು ಪಕ್ಕದವರಿಗೆ ದಾಟಿಸಿದಿರಿ, ಅಷ್ಟೇ. ಈಸ್ಟರ್ ಜಾಗರಣೆಯ ರಾತ್ರಿ ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾರಲ್ಲ, ಹಾಗೆ. ಇದೊಂದು ಗೊತ್ತಿದ್ದರೆ ಉಳಿದ ಗೊಂದಲ ಮುಕ್ಕಾಲು ಪಾಲು ಕಡಿಮೆ ಆಗುತ್ತದೆ: ಎಷ್ಟು ಜನಕ್ಕೆ ಕೊಡಬೇಕು, ಎಷ್ಟು ಹೊತ್ತು, ಎಷ್ಟು ಜೋರಾಗಿ, ಎಲ್ಲಕ್ಕೂ ಉತ್ತರ ಅದರಲ್ಲೇ ಇದೆ.

ಪದ್ಧತಿ ಹಳೆಯದು. ಬೈಬಲಿನಲ್ಲಿ ಪೌಲನು ರೋಮಿನವರಿಗೂ ಕೊರಿಂಥದವರಿಗೂ ಥೆಸಲೋನಿಕದವರಿಗೂ ಬರೆದ ಪತ್ರಗಳ ಕೊನೆಯಲ್ಲಿ, ಪವಿತ್ರವಾದ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಿ ಅನ್ನುತ್ತಾನೆ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ಪ್ರಾರ್ಥನೆ ಮುಗಿದ ಕೂಡಲೇ ನಾವು ಮುದ್ದಿಟ್ಟು ವಂದಿಸುತ್ತೇವೆ, ಆಮೇಲೆ ರೊಟ್ಟಿ ಮತ್ತು ಪಾತ್ರೆಯನ್ನು ತರುತ್ತಾರೆ ಅಂತ ಬರೆದಿದ್ದಾನೆ. ಹೌದು, ಆಗ ಅದು ನಿಜವಾಗಿಯೂ ಮುದ್ದೇ. ಅದರಿಂದ ತೊಂದರೆ ಆಗುತ್ತದೆ ಅಂತ ಅವರಿಗೂ ಗೊತ್ತಿತ್ತು, ಗಂಡಸರು ಗಂಡಸರಿಗೆ ಹೆಂಗಸರು ಹೆಂಗಸರಿಗೆ ಎಂಬ ನಿಯಮ ಬೇಗನೇ ಬಂತು. ನಡುಗಾಲದ ಯುರೋಪಿನಲ್ಲಿ, 13ನೇ ಶತಮಾನದ ಹೊತ್ತಿಗೆ, ಜನ ಒಬ್ಬರಿಗೊಬ್ಬರು ಮುದ್ದಿಡುವ ಬದಲು ಒಂದು ಚಿಕ್ಕ ಹಲಗೆಯನ್ನು ಕೈಯಿಂದ ಕೈಗೆ ದಾಟಿಸಿ ಅದಕ್ಕೇ ಮುತ್ತಿಡಲು ಶುರು ಮಾಡಿದರು. ಅದು ಯಾರಿಗೆ ಮೊದಲು ಬರಬೇಕು ಅಂತ ಊರಿನ ದೊಡ್ಡ ಕುಳಗಳು ಚರ್ಚಿನೊಳಗೇ ಜಗಳ ಆಡಿದ್ದೂ ಉಂಟು. ಸಮಾಧಾನದ ಹಲಗೆಗೆ ಜಗಳ!

ಇಂಗ್ಲೆಂಡಿನ ಆಂಗ್ಲಿಕನ್ನರು 1552ರ ಪ್ರಾರ್ಥನಾ ಪುಸ್ತಕದಿಂದ ಇದನ್ನು ಕೈಬಿಟ್ಟರು. ಕಥೋಲಿಕರಲ್ಲಿ ಅದು ಹೆಚ್ಚಾಗಿ ಪೀಠದ ಸುತ್ತಲಿನ ಗುರುಗಳ ನಡುವೆ ಮಾತ್ರ ಉಳಿಯಿತು. ಬೆಂಚಿನ ಮೇಲಿರುವ ನಮಗೆ ನಿಮಗೆ ವಾಪಸ್ ಸಿಕ್ಕಿದ್ದು 20ನೇ ಶತಮಾನದಲ್ಲಿ. ಅದಕ್ಕೇ ನಿಮ್ಮ ಅಜ್ಜಿಯಂದಿರಿಗೆ ಇದು ಸ್ವಲ್ಪ ಮುಜುಗರ ಅನ್ನಿಸಿದರೆ ಬೈಯಬೇಡಿ, ಅವರು ಚಿಕ್ಕವರಿದ್ದಾಗ ಇದು ಇರಲೇ ಇಲ್ಲ.

ಈಗ ಮಾಡುವ ಕ್ರಮಕ್ಕೆ ಬರೋಣ. ಚರ್ಚಿನಿಂದ ಚರ್ಚಿಗೆ ಬೇರೆ, ಹಾಗಾಗಿ ಮೊದಲು ನೀವು ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ.

ಕಥೋಲಿಕ ಬಲಿಪೂಜೆಯಲ್ಲಿ

ಇಲ್ಲಿ ಅದು ಬರುವುದು "ಪರಲೋಕದಲ್ಲಿರುವ ನಮ್ಮ ತಂದೆಯೇ" ಆದಮೇಲೆ, ಪರಮಪ್ರಸಾದಕ್ಕೆ (ಪವಿತ್ರ ರೊಟ್ಟಿ ಪಡೆಯುವುದಕ್ಕೆ) ಮುಂಚೆ. ಫಾದರ್ ಮೊದಲು ಎಲ್ಲರಿಗೂ ಒಟ್ಟಿಗೆ ಶಾಂತಿ ಕೋರುತ್ತಾರೆ, ಎಲ್ಲರೂ ಉತ್ತರ ಹೇಳುತ್ತಾರೆ, ಆಮೇಲೆ ಒಬ್ಬರಿಗೊಬ್ಬರು ಶಾಂತಿಯನ್ನು ಕೋರೋಣ ಎನ್ನುತ್ತಾರೆ. ಈ ಕೊನೆಯ ಮಾತು ಕೆಲವು ದಿನ ಬರದೇ ಇರಬಹುದು. ಅದು ಮರೆವಲ್ಲ. ಗುರುಗಳಿಗೆ ಸೂಕ್ತ ಅನ್ನಿಸಿದಾಗ ಮಾತ್ರ ಹೇಳಬೇಕು ಅಂತಲೇ ಕ್ರಮ ಇರುವುದು. ವಾರದ ದಿನದ ಬೆಳಗಿನ ಪೂಜೆಯಲ್ಲಿ ಬಿಟ್ಟರೆ ನೀವಾಗಿ ಶುರು ಮಾಡಬೇಡಿ.

ಹೇಳಿದರು ಅಂತಿಟ್ಟುಕೊಳ್ಳಿ. ಪುಸ್ತಕ ಬೆಂಚಿನ ಮೇಲಿಡಿ. ಬರೀ ಕತ್ತು ತಿರುಗಿಸಬೇಡಿ, ಮೈಯನ್ನೇ ತಿರುಗಿಸಿ. ಎದೆಯ ಮಟ್ಟದಲ್ಲಿ ಕೈ ಜೋಡಿಸಿ, ಎದುರಿಗಿರುವವರ ಕಣ್ಣು ನೋಡಿ, ತಲೆ ಸ್ವಲ್ಪ ಬಾಗಿಸಿ, "ಶಾಂತಿ ನಿಮ್ಮೊಂದಿಗಿರಲಿ" ಅನ್ನಿ. ಅವರೂ ಅದನ್ನೇ ಅನ್ನುತ್ತಾರೆ. ಬಲಗಡೆ ಒಬ್ಬರು, ಎಡಗಡೆ ಒಬ್ಬರು, ಮುಂದಿನವರು ತಿರುಗಿದರೆ ಅವರು, ಹಿಂದೆ ಒಬ್ಬರು. ಸಾಕು. ಹತ್ತಿರದವರಿಗೆ ಮಾತ್ರ, ಗದ್ದಲ ಇಲ್ಲದೆ ಅಂತ ರೋಮಿನ, ಅಂದರೆ ವ್ಯಾಟಿಕನ್ನಿನ, ನಿಯಮವೇ ಹೇಳುತ್ತದೆ. ಆಚೆ ತುದಿಯಲ್ಲಿರುವ ಚಿಕ್ಕಮ್ಮನಿಗೆ ಕೈ ಬೀಸುವ ಅಗತ್ಯ ಇಲ್ಲ. ಅವರ ಪಕ್ಕದಲ್ಲಿ ಯಾರೋ ಇದ್ದಾರಲ್ಲ, ಅವರು ಕೊಡುತ್ತಾರೆ.

ಕೈ ಮುಗಿಯುವುದು ನಮ್ಮವರು ಸುಮ್ನೆ ಅಭ್ಯಾಸಬಲದಿಂದ ಮಾಡುತ್ತಿರುವುದಲ್ಲ. ಭಾರತದ ಬಿಷಪ್ಪರು ಕೇಳಿದ 12 ಬದಲಾವಣೆಗಳಿಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ಕೊಟ್ಟಿತು. ಪಂಚಾಂಗ ಪ್ರಣಾಮ, ಆರತಿ, ದೀಪ, ಅಂಗವಸ್ತ್ರ ಎಲ್ಲ ಆ ಪಟ್ಟಿಯಲ್ಲಿದ್ದವು. ಅದರಲ್ಲೇ ಒಂದು: ಶಾಂತಿಯ ಮುದ್ದಿಗೆ ಬದಲಾಗಿ ಅಂಜಲಿ ಹಸ್ತ, ಅಥವಾ ಕೊಡುವವರ ಕೈಗಳನ್ನು ಪಡೆಯುವವರು ತಮ್ಮ ಕೈಗಳ ನಡುವೆ ಹಿಡಿಯುವುದು. ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ 1967ರಲ್ಲಿ ಶುರು ಮಾಡಿದ ಎನ್‌ಬಿಸಿಎಲ್‌ಸಿ ಎಂಬ ಬೈಬಲ್, ಧರ್ಮಬೋಧನೆ, ಆರಾಧನೆಯ ಕೇಂದ್ರದಲ್ಲಿ ಈ ಬಗೆಯ ಪೂಜೆಯನ್ನು ಕಲಿತು ಹೋದ ಗುರುಗಳೂ ಸಿಸ್ಟರುಗಳೂ ಬಹಳ ಜನ. ಆಗ ಇದಕ್ಕೆ ವಿರೋಧವೂ ಚೆನ್ನಾಗಿಯೇ ಬಂತು, ಇದೆಲ್ಲ ಹಿಂದೂಗಳದು ಅಂತ. ಆರತಿಯ ಬಗ್ಗೆ ಇನ್ನೂ ಗೊಣಗುವವರಿದ್ದಾರೆ. ಕೈ ಮುಗಿಯುವುದರ ಬಗ್ಗೆ ಮಾತ್ರ ಈಗ ಯಾರೂ ಗೊಣಗುವುದಿಲ್ಲ. 2020ರಲ್ಲಿ ಕೋವಿಡ್ ಬಂದು ಕೈ ಕುಲುಕುವುದು ನಿಂತಾಗ, ಮೊದಲೇ ಕೈ ಮುಗಿಯುತ್ತಿದ್ದ ಸಭೆಗಳಿಗೆ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ.

ನಗರದ ಇಂಗ್ಲಿಷ್ ಪೂಜೆಗಳಲ್ಲಿ ಕೈ ಕುಲುಕುವವರು ಜಾಸ್ತಿ. ಯಾರಾದರೂ ಕೈ ಚಾಚಿದರೆ ನೀವು ಕೈ ಮುಗಿದು ನಿಂತು ಅವರನ್ನು ಪೆಚ್ಚು ಮಾಡಬೇಡಿ, ಕೈ ಕೊಡಿ. ಶೀತ ಆಗಿದ್ದರೆ ಮೊದಲೇ ಕೈ ಜೋಡಿಸಿಕೊಂಡು ತಿರುಗಿ, ಅವರಿಗೇ ಅರ್ಥ ಆಗುತ್ತದೆ.

ಯಾವಾಗ ನಿಲ್ಲಿಸಬೇಕು? ಇದು ಬಹಳ ಜನ ತಪ್ಪುವ ಜಾಗ. ಫಾದರ್ ರೊಟ್ಟಿ ಮುರಿಯುವಾಗ "ದೇವರ ಕುರಿಮರಿ" ಎಂಬ ಪ್ರಾರ್ಥನೆ ಶುರುವಾಗುತ್ತದೆ. ಮೊದಲ ಪದ ಕಿವಿಗೆ ಬಿದ್ದ ತಕ್ಷಣ ಪೀಠದ ಕಡೆ ತಿರುಗಿ. ಒಬ್ಬರು ಬಾಕಿ ಉಳಿದರೆ ಉಳಿಯಲಿ. ರೊಟ್ಟಿ ಮುರಿಯುವುದನ್ನು ಬಿಟ್ಟು ಹಿಂದಿನ ಬೆಂಚಿನವರ ಜೊತೆ ನಗುತ್ತಾ ನಿಲ್ಲುವುದು, ನನ್ನ ಪ್ರಕಾರ, ಶಾಂತಿಯನ್ನು ಪೂರ್ತಿ ಬಿಟ್ಟುಬಿಡುವುದಕ್ಕಿಂತ ಕೆಟ್ಟದು. ಇದೇ ಗಲಾಟೆ ನೋಡಿ ಇದನ್ನು ಕಾಣಿಕೆಗೆ ಮುಂಚೆ ಸರಿಸಿದರೆ ಹೇಗೆ ಅಂತ 2005ರ ಬಿಷಪ್ಪರ ಸಿನೋಡಿನಲ್ಲಿ ಮಾತು ಬಂದಿತ್ತು. 2014ರಲ್ಲಿ ರೋಮಿನಿಂದ ಉತ್ತರ ಬಂತು: ಜಾಗ ಇದ್ದಲ್ಲೇ ಇರಲಿ, ಆದರೆ ಇದಕ್ಕೆ ಅಂತ ಬೇರೆ ಹಾಡು ಬೇಡ, ಜನ ಜಾಗ ಬಿಟ್ಟು ಓಡಾಡುವುದು ಬೇಡ, ಗುರುಗಳು ಪೀಠ ಬಿಟ್ಟು ಇಳಿಯುವುದು ಬೇಡ. ನಮ್ಮ ಕಡೆ ಹಾಡೂ ಉಂಟು, ಓಡಾಟವೂ ಉಂಟು. ಇರಲಿ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಕ್ರಮ ಇದು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಎಲ್ಲ ಸೇರಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದೇ ಸಭೆ ಆದರು. ಹಾಗೆ ಸೇರಿದವರಿಗೆ ಒಂದೇ ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಕ್ರಮ ಬೇಕಾಯಿತು, 1950ರಲ್ಲಿ ಬಂತು. ಅದನ್ನು ಸಿದ್ಧ ಮಾಡಿದವರು ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಕೈಬಿಡದೆ ಉಳಿಸಿಕೊಂಡು ಬಂದಿದ್ದ ಸಮಾಧಾನವನ್ನು ಅದರೊಳಗೆ ತಂದರು. ಪಶ್ಚಿಮದ ದೊಡ್ಡ ಸಭೆಗಳು ಇದನ್ನು ಬೆಂಚಿನ ಜನಕ್ಕೆ ಮರಳಿ ಕೊಟ್ಟದ್ದು ಆಮೇಲೆ.

ಇಲ್ಲಿ ಅದು ಕಾಣಿಕೆಗೆ ಮುಂಚೆ ಬರುತ್ತದೆ. ಸಹೋದರರು ಒಂದಾಗಿರುವುದು ಎಷ್ಟು ಒಳ್ಳೆಯದು ಎನ್ನುವ 133ನೇ ಕೀರ್ತನೆಯ ಸಾಲು ಅದರ ಜೊತೆಗಿದೆ. ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮಾತಿಗೂ ಈ ಜಾಗ ಸರಿ ಹೊಂದುತ್ತದೆ: ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು, ಆಮೇಲೆ ಬಂದು ಕೊಡು.

ಕೈ ಹಿಡಿಯುವ ರೀತಿ ಹೀಗೆ. ನಿಮಗೆ ಕೊಡುವವರು ಬಲಗೈ ಮುಂದೆ ಚಾಚುತ್ತಾರೆ. ನೀವು ನಿಮ್ಮ ಬಲ ಅಂಗೈಯನ್ನು ಅವರ ಬಲ ಅಂಗೈಗೆ ತಾಗಿಸಿ. ಅಮುಕಬೇಡಿ, ಕುಲುಕಬೇಡಿ. ಅವರ ಎಡಗೈ ನಿಮ್ಮ ಬಲಗೈಯ ಹಿಂಬದಿಯನ್ನು ಮುಚ್ಚುತ್ತದೆ, ನಿಮ್ಮ ಎಡಗೈ ಅವರ ಬಲಗೈಯ ಹಿಂಬದಿಯನ್ನು ಮುಚ್ಚುತ್ತದೆ. ಈಗ ನಾಲ್ಕು ಕೈ ಒಂದರ ಮೇಲೊಂದು, ಒಳಗೆ ಎರಡು, ಹೊರಗೆ ಎರಡು. ಯಾರ ಕೈ ಮೇಲೆ ಯಾರ ಕೈ ಕೆಳಗೆ ಅಂತ ಹೇಳಲು ಬರುವುದಿಲ್ಲ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಹಾಗೇ ಇರಿ, ಮೆಲ್ಲಗೆ "ದೇವರ ಸಮಾಧಾನ" ಅನ್ನಿ, ನಿಧಾನಕ್ಕೆ ಬಿಡಿಸಿಕೊಳ್ಳಿ. ಗದ್ದೆ ಕೆಲಸ ಮಾಡಿದ ಕೈ ಯಾವುದು, ಮೇಜಿನ ಕೆಲಸದ ಕೈ ಯಾವುದು, ಜ್ವರ ಬಂದು ಎದ್ದ ಕೈ ಯಾವುದು, ಎಲ್ಲ ಗೊತ್ತಾಗುತ್ತದೆ. ಕೈ ಕುಲುಕುವಾಗ ಇಷ್ಟು ಗೊತ್ತಾಗುವುದಿಲ್ಲ, ನೋಡಿ.

ಮುಖ್ಯ ವಿಷಯ: ಸರತಿ. ಅಯ್ಯನವರು (ಪಾದ್ರಿ) ತಮ್ಮ ಜೊತೆ ಸೇವೆ ಮಾಡುವವರಿಗೆ ಕೊಡುತ್ತಾರೆ, ಅವರು ಇಳಿದು ಬಂದು ಸಾಲಿನ ತುದಿಯವರಿಗೆ ಕೊಡುತ್ತಾರೆ, ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಸಾಲಿನ ಆಚೆ ತುದಿಯವರೆಗೆ ಹೋಗುತ್ತದೆ. ನಿಮಗೆ ಬರುವ ಮೊದಲು ನೀವು ಕೊಡುವ ಹಾಗಿಲ್ಲ. ಕೊಡಲು ನಿಮ್ಮ ಹತ್ತಿರ ಏನಿದೆ? ಕಾಯಬೇಕು. ದೊಡ್ಡ ಸಭೆಗಳಲ್ಲಿ ಕಾಯುವ ವ್ಯವಧಾನ ಇಲ್ಲದೆ ಎಲ್ಲರೂ ಒಟ್ಟಿಗೆ ತಿರುಗಿ ಕೈ ಕೊಟ್ಟು ಮುಗಿಸುತ್ತಾರೆ. ಹಾಗೆ ನಡೆಯುವ ಕಡೆ ನೀವೊಬ್ಬರೇ ಸರತಿ ಕಾಯುತ್ತಾ ನಿಂತರೆ ಗರ್ವ ಅಂತ ಕಾಣುತ್ತದೆ, ಅಲ್ಲಿ ಊರಿನಂತೆ ನಡೆಯಿರಿ. ಆದರೆ ನಿಮ್ಮದು ಚಿಕ್ಕ ಸಭೆಯಾಗಿದ್ದರೆ ಸರತಿಯನ್ನು ದಯವಿಟ್ಟು ಕೈಬಿಡಬೇಡಿ.

ಸಿರಿಯನ್ ಸಭೆಗಳಲ್ಲಿ

ಮಂಡ್ಯ, ಬೆಳ್ತಂಗಡಿ, ಭದ್ರಾವತಿಗಳಲ್ಲಿ ಸೀರೋ ಮಲಬಾರ್ (ಕೇರಳದ ಸಿರಿಯನ್ ಕಥೋಲಿಕ) ಧರ್ಮಪ್ರಾಂತ್ಯಗಳಿವೆ, ಉಡುಪಿ ಹತ್ತಿರದ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ನರಿದ್ದಾರೆ, ಬೆಂಗಳೂರಿನಲ್ಲಂತೂ ಕೇರಳದ ಎಲ್ಲ ಸಭೆಗಳೂ ಇವೆ. ಇಲ್ಲಿ ಸಮಾಧಾನ ಬರುವುದು ರೊಟ್ಟಿ, ದ್ರಾಕ್ಷಾರಸವನ್ನು ಅರ್ಪಿಸುವ ಮಹಾಪ್ರಾರ್ಥನೆಯ ಬಾಗಿಲಲ್ಲೇ, ಪರಮಪ್ರಸಾದಕ್ಕೆ ಮುಂಚಿನ "ನಮ್ಮ ತಂದೆಯೇ" ಪ್ರಾರ್ಥನೆಗೆ ಬಹಳ ಮುಂಚೆ. ಪೀಠದ ಸೇವಕ ಗುರುಗಳಿಂದ ಪಡೆದು ಜನರಿಗೆ ತರುತ್ತಾನೆ. ಜೋಡಿಸಿದ ಕೈಗಳನ್ನು ಎದುರಿನವರ ಕೈಗೆ ತಾಗಿಸಿ ಪಡೆಯುತ್ತಾರೆ. ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ನಿಲ್ಲುವ ಚರ್ಚುಗಳಲ್ಲಿ ನಿಮ್ಮ ಕಡೆಯಲ್ಲೇ ಇರಿ, ನಡುವಿನ ದಾರಿ ದಾಟಬೇಡಿ. ನೋಡಿಕೊಂಡು ಮಾಡಿ, ಮುಂದಿನವರು ಮಾಡಿದ ಹಾಗೆ ಮಾಡಿದರೆ ತಪ್ಪಾಗುವುದಿಲ್ಲ.

ಪೆಂತೆಕೋಸ್ತ್ ಸಭೆಗಳಲ್ಲಿ ಹೀಗೆ ಬರೆದಿಟ್ಟ ಕ್ರಮ ಇಲ್ಲ. ಬಾಗಿಲಲ್ಲೇ "ಪ್ರೈಸ್ ದ ಲಾರ್ಡ್ ಬ್ರದರ್" ಸಿಗುತ್ತದೆ, ನೀವೂ ಹೇಳಿ, ಒಳಗೆ ಹೋಗಿ.

ಕಷ್ಟದ ಸಂದರ್ಭಗಳು

ಮಾತು ಬಿಟ್ಟವರು ಪಕ್ಕದಲ್ಲೇ ಇದ್ದರೆ? ಜಮೀನಿನ ವ್ಯಾಜ್ಯ, ಮದುವೆಗೆ ಕರೆಯದ ಸಿಟ್ಟು, ಚರ್ಚ್ ಕಮಿಟಿ ಎಲೆಕ್ಷನ್ನು, ಕಾರಣ ಏನೇ ಇರಲಿ. ಮೊದಲು ಮಾಡಬಾರದ್ದು: ಅವರನ್ನು ದಾಟಿ ಆಚೆಯವರಿಗೆ ಕೈ ಮುಗಿಯುವುದು. ಇದನ್ನು ಇಡೀ ಬೆಂಚು ನೋಡುತ್ತದೆ. ನಗು ಬರದಿದ್ದರೆ ಬೇಡ. ಕಣ್ಣು ನೋಡಿ, ಕೈ ಜೋಡಿಸಿ, ಆ ಎರಡು ಪದ ಹೇಳಿ. ಕ್ಷಮಾಪಣೆಯ ಭಾಷಣ ಅಲ್ಲಿ ಬೇಡ, ಅದಕ್ಕೆ ಹೊತ್ತೂ ಇಲ್ಲ. ಜಗಳ ಆಡಿದವರು ಆಚೆ ಕಡೆ ಕೂತಿದ್ದರೆ ಎದ್ದು ಅಲ್ಲಿಗೆ ಹೋಗುವುದೂ ಬೇಡ, ನಾಟಕದ ಹಾಗೆ ಕಾಣುತ್ತದೆ, ಅವರಿಗೂ ಮುಜುಗರ. ಶನಿವಾರ ಸಂಜೆ ಅವರ ಮನೆಗೆ ಹೋಗಿ. ಯೇಸು ಹೇಳಿದ್ದೂ ಕಾಣಿಕೆ ಬಿಟ್ಟು ಹೋಗು ಅಂತಲೇ ಅಲ್ವಾ, ಕೂತಲ್ಲಿಂದ ಕೈ ಬೀಸು ಅಂತಲ್ಲ.

ಹಿರಿಯರು, ಮಕ್ಕಳು. ಎದ್ದು ನಿಲ್ಲಲಾಗದ ಅಜ್ಜಿ ಬೆಂಚಿನ ಮೇಲೆ ಕೂತೇ ಇರುತ್ತಾರೆ, ನಿಂತವರೆಲ್ಲ ಅವರ ತಲೆಯ ಮೇಲಿಂದ ಒಬ್ಬರಿಗೊಬ್ಬರು ಶಾಂತಿ ಕೊಟ್ಟುಕೊಳ್ಳುತ್ತಾರೆ. ಹಾಗಾಗಬಾರದು. ಬಗ್ಗಿ, ಅವರ ಮುಖದ ಮಟ್ಟಕ್ಕೆ ಬನ್ನಿ. ಸೆರಗು ಸರಿ ಮಾಡಿಕೊಂಡು, ಕೈಯಲ್ಲಿದ್ದ ಜಪಸರವನ್ನು ಮಡಿಲಿಗೆ ಹಾಕಿ, ಎರಡೂ ಕೈ ಎತ್ತುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ನಿಲ್ಲಿ. ಕರಾವಳಿ ಕಡೆ ಮನೆಯಲ್ಲಿ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವುದು ಬೇರೆ, ಅಲ್ಲಿ ದೊಡ್ಡವರು ಕೊಡುತ್ತಾರೆ, ಚಿಕ್ಕವರು ಪಡೆಯುತ್ತಾರೆ. ಇಲ್ಲಿ ಹಾಗಿಲ್ಲ, ಐದು ವರ್ಷದ ಮಗು ಅಜ್ಜಿಗೆ ಕೊಡಬಹುದು. ಮಕ್ಕಳ ತಲೆ ಸವರಿ ಬಿಟ್ಟುಬಿಡಬೇಡಿ, ಅವರಿಗೂ ದೊಡ್ಡವರಿಗೆ ಕೊಟ್ಟ ಹಾಗೇ ಕೊಡಿ.

ಮದುವೆ. ಮದುಮಕ್ಕಳು ಮೊದಲು ಒಬ್ಬರಿಗೊಬ್ಬರು ಕೊಡಲಿ, ನಿಂತಲ್ಲಿಂದಲೇ ತಂದೆತಾಯಿಯರ ಕಡೆ ತಿರುಗಿ ಕೈ ಮುಗಿಯಲಿ. ಅಲ್ಲೇ ಅಪ್ಪಿಕೊಂಡು ಅಭಿನಂದನೆ ಹೇಳುವ ಮೆರವಣಿಗೆ ಬೇಡ ಅಂತ ರೋಮಿನ ಆ 2014ರ ಪತ್ರವೂ ಹೇಳುತ್ತದೆ. ಫೋಟೋಗ್ರಾಫರಿಗೆ ಹಿಂದಿನ ದಿನವೇ ಹೇಳಿ, "ಅಣ್ಣ, ಇದನ್ನು ಇನ್ನೊಂದ್ಸಲ ಮಾಡಿ ಅನ್ನಬೇಡಿ" ಅಂತ. ಅನ್ನುವವರಿದ್ದಾರೆ.

ಸಾವಿನ ಪೂಜೆಯಲ್ಲೂ ಅದೇ ಮಾತು, ಅದೇ ಕೈ. ದುಃಖದಲ್ಲಿರುವವರು ಪಕ್ಕದಲ್ಲಿದ್ದರೆ ಸಂತಾಪದ ಮಾತು ಜೋಡಿಸಬೇಡಿ, ಶಾಂತಿ ಅಂದರೆ ಸಾಕು. ಉಳಿದದ್ದು ಸಮಾಧಿಯ ಹತ್ತಿರ.

ನೀವು ಕ್ರೈಸ್ತರಲ್ಲದಿದ್ದರೆ ಕೈ ಮುಗಿದು ಪಡೆಯಲು, ಕೊಡಲು ಯಾವ ಅಡ್ಡಿಯೂ ಇಲ್ಲ, ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪರಮಪ್ರಸಾದಕ್ಕೆ ಸಾಲು ನಿಲ್ಲುತ್ತದೆ, ಅದು ಬೇರೆ, ಅದಕ್ಕೆ ಹೋಗದೆ ನಿಮ್ಮ ಜಾಗದಲ್ಲೇ ಕೂತಿರಿ.

ಶುಭ ಶುಕ್ರವಾರ ಕಥೋಲಿಕ ಚರ್ಚಿನಲ್ಲಿ ಬಲಿಪೂಜೆಯೇ ಇಲ್ಲ, ಶಾಂತಿ ಕೊಡುವುದೂ ಇಲ್ಲ. "ನಮ್ಮ ತಂದೆಯೇ" ಆದ ಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗುವವರು ಪ್ರತಿ ವರ್ಷ ಕೆಲವರಾದರೂ ಇರುತ್ತಾರೆ.

ಆರಾಧನೆ ನಡೆಸುವವರಿಗೆ ಎರಡು ಮಾತು

ಪೀಠಬಾಲಕರಿಗೆ ಕಲಿಸಿ. ಅವರು ಮಾಡುವುದನ್ನು ನೋಡಿ ಸಭೆ ಮಾಡುತ್ತದೆ. ಅವರು ಕಿಸಕಿಸ ನಗುತ್ತಾ ಒಬ್ಬರ ಕೈ ಒಬ್ಬರು ಎಳೆದಾಡಿದರೆ ಮುಗಿಯಿತು. ಗಾಯನ ತಂಡದವರು "ದೇವರ ಕುರಿಮರಿ"ಯನ್ನು ಸದ್ದು ಅಡಗಲಿ ಅಂತ ಕಾಯದೆ ಶುರು ಮಾಡಲಿ, ಸದ್ದು ತಾನಾಗಿ ಅಡಗುತ್ತದೆ. ಮೈಕಿನಲ್ಲಿ ಇದನ್ನು ವಿವರಿಸುತ್ತಾ ನಿಲ್ಲಬೇಡಿ. ವರ್ಷಕ್ಕೊಮ್ಮೆ ಪ್ರಸಂಗದಲ್ಲಿ ಹೇಳಿದರೆ ಸಾಕು.

ಸರತಿಯಲ್ಲಿ ದಾಟಿಸುವ ಸಭೆಯಾದರೆ ದಾರಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಡುವಿನ ದಾರಿಗೆ ಇಬ್ಬರು, ಒಬ್ಬೊಬ್ಬರು ಒಂದೊಂದು ಬದಿಯ ಸಾಲುಗಳಿಗೆ. ಆರ್ಗನ್ ನುಡಿಸುವವರಿಗೆ ಯಾರು ಕೊಡುತ್ತಾರೆ? ಮೇಲಿನ ಬಾಲ್ಕನಿಗೆ ಮೆಟ್ಟಿಲು ಹತ್ತಿ ಹೋಗುವವರು ಯಾರು? ತಡವಾಗಿ ಬಂದು ಬಾಗಿಲಾಚೆ ಚಪ್ಪಲಿಗಳ ಹತ್ತಿರ ನಿಂತವರಿಗೆ? ಇದಕ್ಕೆಲ್ಲ ಒಬ್ಬೊಬ್ಬರ ಹೆಸರು ಬರೆದಿಟ್ಟುಕೊಳ್ಳಿ, ಕಾಣಿಕೆ ಎತ್ತುವವರ ಪಟ್ಟಿಯ ಪಕ್ಕದಲ್ಲೇ.